ಮುಖದ ಕಾಂತಿಗೆ ಯಾವ ಕ್ರೀಮ್, ಯಾವ ಪೌಡರ್?

ಪ್ರಶ್ನೆ: ನನ್ನ ಮಗಳಿಗೆ 24 ವರ್ಷ, ಎಣ್ಣೆಗೆಂಪು ಬಣ್ಣ. ಇನ್ನು ನಾಲ್ಕು ತಿಂಗಳಿಗೆ, ವೈಶಾಖದಲ್ಲಿ, ಅವಳ ಮದುವೆ. ಪರಿಚಯದ ಬ್ಯೂಟಿ ಪಾರ್ಲರಿನವರು ಹೆಸರು, ಚೀಟಿ ಏನೂ ಇಲ್ಲದ ಸಣ್ಣ ಡಬ್ಬಿಯಲ್ಲಿ ಒಂದು ಕ್ರೀಮ್ ಕೊಟ್ಟಿದ್ದರು. ಹದಿನೈದು ದಿನಗಳಲ್ಲೇ ಮುಖ ಬೆಳ್ಳಗಾಗಿ, ನೋಡಿದವರೆಲ್ಲ ಮೆಚ್ಚಿದರು. ಮೂರು ತಿಂಗಳಾದ ಮೇಲೆ ಡಬ್ಬಿ ಖಾಲಿಯಾಗಿ ಒಂದು ವಾರ ಹಚ್ಚದೇ ಇದ್ದಾಗ ಕೆನ್ನೆಯೆಲ್ಲ ಕೆಂಪಾಗಿ, ಉರಿದು, ಸಣ್ಣ ಗುಳ್ಳೆಗಳು ಎದ್ದವು. ಹೊಸ ಡಬ್ಬಿ ತಂದು ಹಚ್ಚಿದೊಡನೆ ಶಮನವಾಯಿತು. ಅವಳಿಗೆ ನಿಜವಾಗಿ ಒಳ್ಳೆಯದಾದ ಕ್ರೀಮ್ ಮತ್ತು ಪೌಡರ್ ಯಾವುದು? ನನ್ನ ಕೆನ್ನೆಯ ಮೇಲೆ ಬಂಗು ಇದೆ. ಇದೇ ಕ್ರೀಮನ್ನು ನಾನೂ ಹಚ್ಚಬಹುದೇ?
(ಹಾವೇರಿ ಜಿಲ್ಲೆಯ ಓದುಗರು)

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಕಾಯುವ ವ್ಯವಧಾನವಿಲ್ಲ. ಆ ಕ್ರೀಮನ್ನು ನೀವು ಖಂಡಿತ ಹಚ್ಚಬೇಡಿ. ಹಚ್ಚಿದರೆ ಶಮನ, ಬಿಟ್ಟರೆ ಉರಿ ಎಂದು ನೀವು ಬರೆದಿರುವ ಎರಡು ಸಾಲುಗಳನ್ನು ಓದಿದ ಯಾವ ಚರ್ಮವೈದ್ಯರಿಗೂ ಮೊದಲು ಬರುವ ಅನುಮಾನ ಒಂದೇ: ಆ ಡಬ್ಬಿಯಲ್ಲಿ ಬಲವಾದ ಸ್ಟೆರಾಯ್ಡ್, ಅಂದರೆ ಚರ್ಮದ ಊತ, ಉರಿಯನ್ನು ಅಡಗಿಸುವ ಔಷಧ, ಇದೆ ಮತ್ತು ನಿಮ್ಮ ಮಗಳ ಮುಖದ ಚರ್ಮ ಈಗ ಅದಕ್ಕೆ ಅಂಟಿಕೊಂಡಿದೆ. ಚರ್ಮವನ್ನು ಕಣ್ಣಾರೆ ನೋಡದೆ ರೋಗವನ್ನು ನಿರ್ಧರಿಸಿ ಹೇಳುವುದು ತಪ್ಪು. ಆದರೂ ವಾರದಲ್ಲಿ ಹಲವು ಬಾರಿ ಇದೇ ಕಥೆಯನ್ನು, ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ ಕೇಳುವ ನನಗೆ ಈ ಅನುಮಾನವನ್ನು ನಿಮ್ಮಿಂದ ಮುಚ್ಚಿಡುವುದು ಅದಕ್ಕಿಂತ ದೊಡ್ಡ ತಪ್ಪಾಗಿ ಕಾಣುತ್ತದೆ.

ಸ್ಟೆರಾಯ್ಡ್ ಕ್ರೀಮ್ ಮುಖವನ್ನು ಬೆಳ್ಳಗೆ ಮಾಡುವುದು ನಿಜ, ಅದು ಬೇಗ ಮಾಡುವುದೂ ನಿಜ. ಆ ಬಿಳುಪು ಬರುವುದು ಹೇಗೆ ಎಂಬುದನ್ನು ತಿಳಿದರೆ ಮಾತ್ರ ಅದರ ಬೆಲೆ ಅರ್ಥವಾಗುತ್ತದೆ. ಚರ್ಮದ ಅಡಿಯಲ್ಲಿರುವ ನವಿರಾದ ರಕ್ತನಾಳಗಳನ್ನು ಅದು ಬಿಗಿಯುತ್ತದೆ. ರಕ್ತ ಕಡಿಮೆ ಹರಿದಾಗ ಆ ಜಾಗ ಬಿಳಚಿಕೊಳ್ಳುತ್ತದೆ. ಬಣ್ಣವನ್ನು ತಯಾರಿಸುವ ಜೀವಕೋಶಗಳ ಕೆಲಸವನ್ನೂ ಅದು ತಗ್ಗಿಸುತ್ತದೆ, ಇದ್ದಬದ್ದ ಊತವನ್ನು ಇಳಿಸಿ ಮುಖವನ್ನು ನುಣುಪಾಗಿ ತೋರಿಸುತ್ತದೆ. 1962ರಲ್ಲಿ ಮೆಕೆಂಜಿ ಮತ್ತು ಸ್ಟೌಟನ್ ಎಂಬ ಇಬ್ಬರು ವಿಜ್ಞಾನಿಗಳು ಸ್ಟೆರಾಯ್ಡ್‌ಗಳ ಬಲವನ್ನು ಅಳೆಯಲು ರೂಪಿಸಿದ ಪರೀಕ್ಷೆಯ ಆಧಾರವೂ ಇದೇ ಆಗಿತ್ತು: ಮುಂಗೈಗೆ ಔಷಧವನ್ನು ಸವರಿ, ಆ ಜಾಗ ಎಷ್ಟು ಬಿಳಚಿಕೊಂಡಿತು ಎಂದು ನೋಡುವುದು. ಹೆಚ್ಚು ಬಿಳಚಿದರೆ ಹೆಚ್ಚು ಬಲದ ಔಷಧ. ನಿಮ್ಮ ನೆಂಟರಿಷ್ಟರು ಮೆಚ್ಚಿಕೊಂಡ ಆ ಕಳೆ, ಪ್ರಯೋಗಾಲಯದಲ್ಲಾದರೆ ಔಷಧದ ತೀಕ್ಷ್ಣತೆಯ ಅಳತೆ.

ಇದರ ಜೊತೆಗೆ ಮುಖದ ಚರ್ಮ ಮೈಯ ಉಳಿದ ಚರ್ಮದಂತಲ್ಲ. ಮುಂಗೈಯ ಚರ್ಮ ಹೈಡ್ರೊಕಾರ್ಟಿಸೋನ್ ಎಂಬ ಸೌಮ್ಯ ಸ್ಟೆರಾಯ್ಡನ್ನು ಎಷ್ಟು ಹೀರುತ್ತದೆಯೋ ಅದರ ಸುಮಾರು 6 ಪಟ್ಟನ್ನು ಹಣೆಯೂ, ಸುಮಾರು 13 ಪಟ್ಟನ್ನು ದವಡೆಯ ಅಂಚೂ ಹೀರುತ್ತವೆ ಎಂದು 1960ರ ದಶಕದಲ್ಲೇ ಅಳೆದು ತೋರಿಸಲಾಗಿದೆ. ಅಂಗಾಲಿನ ದಪ್ಪ ಚರ್ಮದ ಇಸುಬಿಗೆಂದು ಬರೆದುಕೊಡುವ ಕ್ಲೊಬೆಟಾಸಾಲ್ ಎಂಬ ಅತಿ ಬಲದ ಸ್ಟೆರಾಯ್ಡನ್ನು ಮದುಮಗಳಾಗಲಿರುವ ಹುಡುಗಿ ಬೆಳಿಗ್ಗೆ ಮತ್ತು ರಾತ್ರಿ ಕೆನ್ನೆಗೆ ಹಚ್ಚಿಕೊಂಡರೆ ಏನಾಗಬಹುದು ಎಂಬುದನ್ನು ಈ ಲೆಕ್ಕವೇ ಹೇಳುತ್ತದೆ.

ಅಂಥ ಮುಖವನ್ನು ನಾವು ಭೂತಗನ್ನಡಿಯಲ್ಲಿ ನೋಡುತ್ತೇವೆ. ದೂರದಿಂದ ತಿಳಿಗುಲಾಬಿಯಾಗಿ, ಆರೋಗ್ಯದ ಬಣ್ಣವೆಂಬಂತೆ ಕಾಣುವ ಕೆನ್ನೆ, ಹತ್ತಿರದಲ್ಲಿ ಬೇರೆಯದೇ ಆಗಿರುತ್ತದೆ. ಚರ್ಮ ಈರುಳ್ಳಿಯ ಒಳಪೊರೆಯಷ್ಟು ತೆಳುವಾಗಿ ಮಿರುಗುತ್ತಿರುತ್ತದೆ. ಅದರ ಕೆಳಗೆ ಕೆಂಪು ರೇಷ್ಮೆಯ ಎಳೆಗಳು ಸಿಕ್ಕಾದಂತೆ ರಕ್ತನಾಳಗಳು ಕವಲೊಡೆದು ಹರಡಿರುತ್ತವೆ. ಮೇಲ್ತುಟಿಯ ಮೇಲೆ ಮತ್ತು ದವಡೆಯ ಪಕ್ಕದಲ್ಲಿ ಮೊದಲಿಲ್ಲದ ನವಿರಾದ ಕೂದಲು ಬೆಳೆದಿರುತ್ತದೆ. ಎಲ್ಲವೂ ಒಂದೇ ಗಾತ್ರದ, ಒಂದೇ ವಯಸ್ಸಿನ ಮೊಡವೆಗಳು ಗುಂಪಾಗಿ ಎದ್ದಿರುತ್ತವೆ. ಬಿಸಿಲಿಗೆ ಹೋದರೆ ಉರಿ, ಒಲೆಯ ಮುಂದೆ ನಿಂತರೆ ಉರಿ, ಬರೀ ನೀರು ಸೋಕಿದರೂ ಉರಿ. ನಮ್ಮ ದೇಶದ ಚರ್ಮವೈದ್ಯರು ಇದಕ್ಕೆ ‘ಟಾಪಿಕಲ್ ಸ್ಟೆರಾಯ್ಡ್ ಡ್ಯಾಮೇಜ್ಡ್ ಫೇಸ್’ ಎಂದೇ ಹೆಸರಿಟ್ಟಿದ್ದಾರೆ. ಅಂದರೆ ಸ್ಟೆರಾಯ್ಡಿನಿಂದ ಹಾನಿಗೊಂಡ ಮುಖ. ಕಣ್ಣಿನ ಸುತ್ತ ಬಹಳ ಕಾಲ ಹಚ್ಚಿದವರಲ್ಲಿ ಕಣ್ಣಿನ ಒತ್ತಡ ಏರುವುದೂ, ಪೊರೆ ಬರುವುದೂ ಉಂಟು.

ಇಂಥ ಕ್ರೀಮು ಎಲ್ಲಿಂದ ಬರುತ್ತದೆ ಎಂದು ನೀವು ಕೇಳಬಹುದು. 1975ರಲ್ಲಿ ಅಮೆರಿಕದ ಚರ್ಮವೈದ್ಯ ಕ್ಲಿಗ್‌ಮನ್ ಮತ್ತು ಅವರ ಸಹೋದ್ಯೋಗಿ ಬಂಗಿನ ಚಿಕಿತ್ಸೆಗಾಗಿ ಬಣ್ಣವನ್ನು ತಗ್ಗಿಸುವ ಹೈಡ್ರೊಕ್ವಿನೋನ್, ಚರ್ಮದ ಮೇಲ್ಪದರವನ್ನು ಬೇಗ ಬದಲಿಸುವ ಟ್ರೆಟಿನಾಯಿನ್ ಮತ್ತು ಒಂದು ಸ್ಟೆರಾಯ್ಡನ್ನು ಸೇರಿಸಿದ ಮಿಶ್ರಣವೊಂದನ್ನು ಪ್ರಕಟಿಸಿದರು. ವೈದ್ಯರ ಕಣ್ಣೆದುರು, ಕೆಲವೇ ವಾರ ಬಳಸಿದರೆ ಆ ಮಿಶ್ರಣ ಇಂದಿಗೂ ಉಪಯುಕ್ತವೇ. ನಮ್ಮಲ್ಲಿ ಅದರ ಬೇರೆ ಬೇರೆ ರೂಪಗಳು ಮೆಡಿಕಲ್ ಶಾಪಿನ ಕಟ್ಟೆಯ ಮೇಲೆ ಸ್ನೋ, ಪೌಡರಿನ ಹಾಗೆ ಮಾರಾಟವಾಗತೊಡಗಿದ್ದು ಮಾತ್ರ ದುರಂತ. ಭಾರತೀಯ ಚರ್ಮವೈದ್ಯರ ಸಂಘ ಇದರ ವಿರುದ್ಧ ವರ್ಷಗಟ್ಟಲೆ ದನಿಯೆತ್ತಿದ ಬಳಿಕ, 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟೆರಾಯ್ಡ್‌ಗಳಲ್ಲಿ 14ನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದರೆ ವೈದ್ಯರ ಚೀಟಿಯಿಲ್ಲದೆ ಅವನ್ನು ಕೊಡುವಂತಿಲ್ಲ. ಪಾರ್ಲರುಗಳಲ್ಲಿ ‘ಫಾರ್ಮುಲಾ ಕ್ರೀಮ್’, ‘ಮಿಕ್ಸಿಂಗ್ ಕ್ರೀಮ್’ ಎಂದು ಕೊಡುವುದು ಅನೇಕ ಸಲ ಇಂಥ ಎರಡು ಮೂರು ಟ್ಯೂಬುಗಳನ್ನು ಹಿಂಡಿ, ಒಂದು ಸಾಮಾನ್ಯ ಕೋಲ್ಡ್ ಕ್ರೀಮಿಗೆ ಬೆರೆಸಿ, ಡಬ್ಬಿಗೆ ತುಂಬಿದ್ದಾಗಿರುತ್ತದೆ. ಕೊಟ್ಟ ಹೆಣ್ಣುಮಗಳಿಗೇ ಅದರಲ್ಲಿ ಏನಿದೆಯೆಂದು ತಿಳಿಯದೇ ಇರುವುದೂ ಉಂಟು. ಆಕೆಯನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಹೆಸರು, ವಿವರದ ಚೀಟಿ ಇಲ್ಲದ ಡಬ್ಬಿಯಿಂದ ತೆಗೆದು ಮುಖಕ್ಕೆ ಏನನ್ನೂ ಹಚ್ಚಬಾರದೆಂಬ ಒಂದು ನಿಯಮವನ್ನಾದರೂ ನಾವೆಲ್ಲರೂ ಮನೆಯಲ್ಲಿ ಪಾಲಿಸಬೇಕು.

ಈಗ ಮಾಡಬೇಕಾದದ್ದು ಇಷ್ಟು. ಈ ವಾರವೇ ಮಗಳನ್ನು ಚರ್ಮವೈದ್ಯರ ಬಳಿಗೆ ಕರೆದೊಯ್ಯಿರಿ. ಕ್ರೀಮನ್ನು ಒಮ್ಮೆಲೇ ನಿಲ್ಲಿಸಬೇಕೇ, ಬಲ ಕಡಿಮೆಯಿರುವ ಔಷಧಕ್ಕೆ ಇಳಿಸಿ ಮೆಲ್ಲನೆ ಬಿಡಿಸಬೇಕೇ ಎಂಬುದನ್ನು ಮುಖ ನೋಡಿ ಅವರು ತೀರ್ಮಾನಿಸುತ್ತಾರೆ. ನಿಲ್ಲಿಸಿದ ಮೊದಲ ಕೆಲವು ವಾರಗಳಲ್ಲಿ ಮುಖ ಈಗಿನದಕ್ಕಿಂತ ಕೆಟ್ಟದಾಗಿ ಕಾಣುವ ಸಂಭವ ಹೆಚ್ಚು. ಹೆಚ್ಚಿನವರು ಸೋಲುವುದು ಇಲ್ಲಿಯೇ: ಕನ್ನಡಿ ನೋಡಿ ಗಾಬರಿಯಾಗಿ ಮತ್ತೆ ಡಬ್ಬಿಯ ಮುಚ್ಚಳ ತೆರೆಯುತ್ತಾರೆ. ಆ ದಿನಗಳಲ್ಲಿ ತಣ್ಣೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯ ಒತ್ತು, ಸುವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್, ಅಗತ್ಯವಿದ್ದರೆ ಟ್ಯಾಕ್ರೊಲಿಮಸ್‌ನಂಥ ಸ್ಟೆರಾಯ್ಡ್ ಅಲ್ಲದ ಲೇಪ, ಗುಳ್ಳೆಗಳಿಗೆ ನುಂಗುವ ಔಷಧ ಇವುಗಳಿಂದ ವೈದ್ಯರು ದಾಟಿಸುತ್ತಾರೆ. ಚೇತರಿಕೆ ವಾರಗಳಿಂದ ತಿಂಗಳುಗಳವರೆಗೆ ಹಿಡಿಯಬಹುದು. ನಾಲ್ಕು ತಿಂಗಳು ಕೈಯಲ್ಲಿರುವಾಗಲೇ ನೀವು ಬರೆದದ್ದು ನನಗೆ ಸಮಾಧಾನ ತಂದಿದೆ. ಮದುವೆಗೆ ಹತ್ತು ದಿನ ಇರುವಾಗ ಇದೇ ಉರಿಯಿಂದ ಬಂದ ಹುಡುಗಿಯರಿಗೆ ನಾನು ಹೇಳಬಹುದಾದದ್ದು ಬಹಳ ಕಡಿಮೆ ಇರುತ್ತದೆ.

ಸ್ಟೆರಾಯ್ಡಿಗಿಂತಲೂ ಭಯಪಡಬೇಕಾದ ಇನ್ನೊಂದು ವಸ್ತುವಿದೆ, ಅದು ಪಾದರಸ. ಚರ್ಮದಲ್ಲಿ ಬಣ್ಣ ತಯಾರಾಗಲು ಬೇಕಾದ ಟೈರೊಸಿನೇಸ್ ಎಂಬ ಕಿಣ್ವವನ್ನು ಪಾದರಸದ ಲವಣಗಳು ತಡೆಯುತ್ತವೆ. ಆದ್ದರಿಂದಲೇ ಬೆಳ್ಳಗಾಗಿಸುವ ಅಗ್ಗದ ಕ್ರೀಮುಗಳಲ್ಲಿ ಅವು ಸೇರುತ್ತವೆ. ನಮ್ಮ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಇಂಥ ಕ್ರೀಮುಗಳಲ್ಲಿ ಬೇಕೆಂದೇ ಪಾದರಸವನ್ನು ಸೇರಿಸುವಂತಿಲ್ಲ, ತಿಳಿಯದೆ ಉಳಿದದ್ದೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರುವಂತಿಲ್ಲ. ಆದರೂ ಹೊರದೇಶದಿಂದ ಕಳ್ಳದಾರಿಯಲ್ಲಿ ಬಂದ ಡಬ್ಬಿಗಳಲ್ಲಿ ಅದಕ್ಕಿಂತ ಸಾವಿರಾರು ಪಟ್ಟು ಸಿಕ್ಕಿದೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ಕಾಲು ಊದಿಕೊಂಡು, ಮೂತ್ರ ನೊರೆನೊರೆಯಾಗಿ ಆಸ್ಪತ್ರೆಗೆ ಬಂದ ಹಲವು ರೋಗಿಗಳ ಮೂತ್ರಪಿಂಡದ ಕಾಯಿಲೆಗೆ ಮುಖಕ್ಕೆ ಹಚ್ಚಿದ ಇಂಥ ಕ್ರೀಮುಗಳೇ ಮೂಲವೆಂದು ಅಲ್ಲಿನ ವೈದ್ಯರು ಗುರುತಿಸಿ, 2023ರಲ್ಲಿ ಅದು ದೊಡ್ಡ ಸುದ್ದಿಯಾಯಿತು. ಪಾದರಸ ಹಚ್ಚಿಕೊಂಡವರಲ್ಲೇ ನಿಲ್ಲುವುದಿಲ್ಲ. ದಿಂಬಿನ ಬಟ್ಟೆಗೆ, ಟವೆಲಿಗೆ, ತಾಯಿಯ ಕೆನ್ನೆಗೆ ಕೆನ್ನೆ ಒತ್ತುವ ಮಗುವಿಗೆ ಅದು ದಾಟುತ್ತದೆ.

ಇಂಥದ್ದನ್ನು ಕಣ್ಣಿನಿಂದಲೇ ಗುರುತಿಸುವುದು ಕಷ್ಟವಾದರೂ ಕೆಲವು ಸುಳಿವುಗಳಿವೆ. ಡಬ್ಬಿಯ ಮೇಲೆ ತಯಾರಕರ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಕೊನೆಯ ತಿಂಗಳು, ಒಳಗಿರುವ ವಸ್ತುಗಳ ಪಟ್ಟಿ ಇರಬೇಕು. ಆಮದು ಮಾಡಿದ್ದಾದರೆ ಭಾರತದ ನೋಂದಣಿ ಸಂಖ್ಯೆ ಮತ್ತು ಆಮದುದಾರರ ವಿಳಾಸ ಇರಬೇಕು. ನಮಗೆ ಓದಲು ಬಾರದ ಲಿಪಿ ಮಾತ್ರ ಇದ್ದು ಇವು ಯಾವುವೂ ಇಲ್ಲದಿದ್ದರೆ ಅದನ್ನು ಅಲ್ಲಿಯೇ ಬಿಡಿ. ಗಾಳಿ ಬೆಳಕಿಗೆ ತೆರೆದಿಟ್ಟ ಕ್ರೀಮು ಬೂದು ಬಣ್ಣಕ್ಕೆ ತಿರುಗಿದರೆ ಅನುಮಾನಿಸಿ. ‘ಚಿನ್ನ, ಬೆಳ್ಳಿಯ ಒಡವೆಗೆ ತಾಗಿಸಬೇಡಿ’ ಎಂಬ ಸೂಚನೆ ಕಂಡರಂತೂ ಕೈಯಲ್ಲೂ ಹಿಡಿಯಬೇಡಿ, ಏಕೆಂದರೆ ಚಿನ್ನದೊಡನೆ ಸೇರಿ ಅದನ್ನು ಕೆಡಿಸುವ ಗುಣ ಪಾದರಸದ್ದು. ಸ್ಟೆರಾಯ್ಡನ್ನು ಹುಡುಕುವಾಗ ಹೆಸರಿನ ಕೊನೆಯನ್ನು ಗಮನಿಸಿ: ಬೆಟಾಮೆಥಸೋನ್, ಮೊಮೆಟಾಸೋನ್, ಫ್ಲೂಸಿನೊಲೋನ್, ಕ್ಲೊಬೆಟಾಸಾಲ್. ಇವುಗಳಲ್ಲಿ ಯಾವುದಿದ್ದರೂ ಅದು ಔಷಧ. ವೈದ್ಯರು ಬರೆದುಕೊಟ್ಟು, ಎಷ್ಟು ದಿನವೆಂದು ಹೇಳಿದ್ದರೆ ಮಾತ್ರ ಮುಖಕ್ಕೆ ಹಚ್ಚಬೇಕು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಒಳ್ಳೆಯ ಕ್ರೀಮ್ ಯಾವುದು ಎಂದು ಹೇಳುವ ಮುನ್ನ ಕ್ರೀಮಿನಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಹೇಳಬೇಕು. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಬಣ್ಣ ತಯಾರಿಸುವ ಜೀವಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಬಣ್ಣದ ಕಣಗಳ ಗಾತ್ರ, ಪ್ರಮಾಣ ಮತ್ತು ಹಂಚಿಕೆ ಬೇರೆ ಬೇರೆ. ಅದು ತಂದೆತಾಯಿಯಿಂದ ಬಂದದ್ದು, ಮೇಲಿನಿಂದ ಹಚ್ಚುವ ಯಾವುದರಿಂದಲೂ ಬದಲಾಗದು. ಬಿಸಿಲು, ಮೊಡವೆ, ಉಜ್ಜಾಟ ಇವುಗಳಿಂದ ಹುಟ್ಟು ಬಣ್ಣದ ಮೇಲೆ ಕೂಡಿದ ಕಪ್ಪನ್ನು ಮಾತ್ರ ಕಡಿಮೆ ಮಾಡಬಹುದು. ನಿಮ್ಮ ಮಗಳ ಹುಟ್ಟು ಬಣ್ಣವೇನೆಂದು ನೋಡಬೇಕಿದ್ದರೆ ಬಿಸಿಲು ಕಾಣದ ಅವಳ ತೋಳಿನ ಒಳಭಾಗವನ್ನು ನೋಡಿ. ಮುಖವನ್ನು ಅಲ್ಲಿಯವರೆಗೆ ತರುವುದು ಸಾಧ್ಯ, ಅದಕ್ಕಿಂತ ಆಚೆ ಒಯ್ಯುತ್ತೇನೆನ್ನುವ ಕ್ರೀಮು ಒಂದೋ ಸುಳ್ಳು ಹೇಳುತ್ತಿರುತ್ತದೆ, ಇಲ್ಲವೇ ಹಾನಿ ಮಾಡುತ್ತಿರುತ್ತದೆ. 1975ರಲ್ಲಿ ಮಾರುಕಟ್ಟೆಗೆ ಬಂದು ಮನೆಮಾತಾದ ಫೇರ್ ಅಂಡ್ ಲವ್ಲಿಯೂ 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಟ್ಟು ಗ್ಲೋ ಅಂಡ್ ಲವ್ಲಿಯಾಯಿತು. ಹೆಣ್ಣು ನೋಡಲು ಬಂದವರ ಮಾತಿನಿಂದಲೂ ಆ ಪದ ಹೋಗುವ ದಿನಕ್ಕಾಗಿ ನಾನು ಮನಸಾರೆ ಹಾರೈಸುತ್ತೇನೆ. ಎಣ್ಣೆಗೆಂಪು ಎಂಬ ಚೆಲುವಾದ ಪದವನ್ನು ಕೊಟ್ಟ ಭಾಷೆಯವರು ಆ ಬಣ್ಣವನ್ನು ಒಂದು ಕೊರತೆಯೆಂದು ಕಾಣುವುದು ನೋವಿನ ಸಂಗತಿ.

ನಮ್ಮ ಅಜ್ಜಿಯರು ‘ಸ್ನೋ’ ಎಂದು ಕರೆಯುತ್ತಿದ್ದುದು ವ್ಯಾನಿಶಿಂಗ್ ಕ್ರೀಮನ್ನು. ಸ್ಟಿಯರಿಕ್ ಆಮ್ಲದ ಒಂದು ಭಾಗವನ್ನು ಕ್ಷಾರದಿಂದ ಸಾಬೂನಾಗಿಸಿ, ಅದರಲ್ಲಿ ಬಹಳ ನೀರನ್ನು ಹಿಡಿದಿಟ್ಟು ತಯಾರಿಸುವ ಅದು ಸವರಿದ ಕೂಡಲೇ ಮಾಯವಾಗಿ, ಪೌಡರ್ ಕೂರಲು ಒಂದು ತೆಳು ಪದರವನ್ನು ಬಿಡುತ್ತದೆ. ಕೋಲ್ಡ್ ಕ್ರೀಮಿನಲ್ಲಿ ಎಣ್ಣೆ, ಮೇಣ ಹೆಚ್ಚು, ನೀರು ಕಡಿಮೆ. ಅದರಿಂದಲೇ ಅದು ಚರ್ಮದ ತೇವವನ್ನು ಆರಲು ಬಿಡುವುದಿಲ್ಲ. ಈ ಹಳೆಯ ಭೇದ ಇಂದಿಗೂ ಉಪಯೋಗಕ್ಕೆ ಬರುತ್ತದೆ. ನಿಮ್ಮ ಹಾವೇರಿಯ ಕಡೆ ಚಳಿಗಾಲದ ಒಣಗಾಳಿಗೆ ತುಟಿ, ಕೆನ್ನೆ ಬಿರಿಯುವಾಗ ಗ್ಲಿಸರಿನ್, ಸೆರಮೈಡ್, ಪೆಟ್ರೊಲಾಟಂ ಇರುವ ಗಟ್ಟಿ ಕ್ರೀಮು ಹಿತ. ಯುಗಾದಿ ಕಳೆದು ಸೆಕೆ ಏರಿದಾಗ, ಅಥವಾ ಮಂಗಳೂರು, ಕಾರವಾರದಂಥ ಬೆವರಿನ ಊರುಗಳಲ್ಲಿ, ಜಿಡ್ಡಿಲ್ಲದ ಲೋಷನ್ ಅಥವಾ ಜೆಲ್ ಸಾಕು. ಮೊಡವೆಯ ಮುಖಕ್ಕೆ ಗಟ್ಟಿ ಕ್ರೀಮು ಬೇಡ. ಯಾವುದೇ ಇರಲಿ, ಮುಖ ತೊಳೆದು, ಒತ್ತಿ ಒರೆಸಿ, ಹಸಿ ಪೂರ್ತಿ ಆರುವ ಮುನ್ನವೇ ಹಚ್ಚಬೇಕು. ಒಳಗಿನ ತೇವವನ್ನು ಉಳಿಸುವುದು ಅದರ ಕೆಲಸ, ಆದ್ದರಿಂದ ಉಳಿಸಲು ತೇವ ಇರಬೇಕಲ್ಲವೇ? ಸ್ಟೆರಾಯ್ಡಿನಿಂದ ಸೋತ ನಿಮ್ಮ ಮಗಳ ಚರ್ಮಕ್ಕೆ ಸದ್ಯದ ಎರಡು ತಿಂಗಳು ಸುವಾಸನೆಯಿಲ್ಲದ ಇಂಥ ಒಂದು ಮಾಯಿಶ್ಚರೈಸರೇ ಪರಮಾನ್ನ.

ಬೆಳಗಿನ ಹೊತ್ತು ಅದರ ಮೇಲೆ ಬಿಸಿಲು ತಡೆಯುವ ಕ್ರೀಮು, ಅಂದರೆ ಸನ್‌ಸ್ಕ್ರೀನ್. ಒಂದೇ ಒಂದು ಸೌಂದರ್ಯವರ್ಧಕಕ್ಕೆ ಹಣವಿದೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಎಸ್‌ಪಿಎಫ್ (ಬಿಸಿಲನ್ನು ತಡೆಯುವ ಬಲದ ಅಳತೆ) 30 ಇರುವುದು ಚರ್ಮವನ್ನು ಸುಡುವ ಅಲ್ಟ್ರಾವಯಲೆಟ್ ಬಿ ಕಿರಣಗಳಲ್ಲಿ ಸುಮಾರು ಶೇ 97ನ್ನು, ಎಸ್‌ಪಿಎಫ್ 50 ಇರುವುದು ಸುಮಾರು ಶೇ 98ನ್ನು ತಡೆಯುತ್ತದೆ. ಆದ್ದರಿಂದ ಸಂಖ್ಯೆಯ ಬೆನ್ನು ಹತ್ತಬೇಡಿ, ಪ್ರಮಾಣವನ್ನು ಗಮನಿಸಿ. ಆ ಸಂಖ್ಯೆಯನ್ನು ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರುತ್ತಾರೆ. ನಾವು ಹಚ್ಚುವುದು ಸಾಮಾನ್ಯವಾಗಿ ಅದರ ಅರ್ಧಕ್ಕಿಂತಲೂ ಕಡಿಮೆ. ತೋರುಬೆರಳು, ನಡುಬೆರಳುಗಳ ಬುಡದಿಂದ ತುದಿಯವರೆಗೆ ಎರಡು ಗೆರೆ ಎಳೆದರೆ ಎಷ್ಟಾಗುತ್ತದೋ ಅಷ್ಟು ಮುಖಕ್ಕೂ ಕುತ್ತಿಗೆಗೂ ಸೇರಿ ಬೇಕು. ಮನೆಯಿಂದ ಹೊರಡುವ ಹದಿನೈದು ಇಪ್ಪತ್ತು ನಿಮಿಷ ಮುಂಚೆ ಹಚ್ಚಿ, ಬಿಸಿಲಿನಲ್ಲೇ ಇರುವುದಾದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಮದುವೆಯ ಜವಳಿಗೆಂದು ಊರೂರು ಸುತ್ತುವಾಗ ಬಸ್ಸಿನ, ಕಾರಿನ ಗಾಜು ತನ್ನನ್ನು ಕಾಯುತ್ತದೆಂದು ಅವಳು ನಂಬದಿರಲಿ. ಚರ್ಮವನ್ನು ಕಪ್ಪಾಗಿಸುವ ಅಲ್ಟ್ರಾವಯಲೆಟ್ ಎ ಕಿರಣಗಳ ಬಹುಪಾಲು ಸಾದಾ ಗಾಜನ್ನು ದಾಟಿಯೇ ಬರುತ್ತದೆ.

ಮುಖದ ಉರಿ ಪೂರ್ತಿ ಇಳಿದು, ವೈದ್ಯರು ಒಪ್ಪಿದ ಮೇಲೆ, ಉಳಿದ ಕಲೆಗಳಿಗೆ ನಯಾಸಿನಮೈಡ್ ಶೇ 4ರಿಂದ 5 ಇರುವ ಲೇಪವನ್ನೋ, ಅಜಲಾಯಿಕ್ ಆಮ್ಲವನ್ನೋ ಆರಂಭಿಸಬಹುದು. ಮೊದಲನೆಯದು ಬಣ್ಣದ ಕಣಗಳು ಮೇಲಿನ ಜೀವಕೋಶಗಳಿಗೆ ದಾಟುವುದನ್ನು ಕಡಿಮೆ ಮಾಡುತ್ತದೆ, ಎರಡನೆಯದು ಮೊಡವೆಗೂ ಅದರ ಕಲೆಗೂ ಒಟ್ಟಿಗೆ ಒದಗುತ್ತದೆ. ಚರ್ಮದ ಮೇಲ್ಪದರ ಪೂರ್ತಿ ಬದಲಾಗಲು ಸುಮಾರು 28 ದಿನ ಬೇಕು. ಹಾಗಾಗಿ ಎರಡು ಮೂರು ಸುತ್ತು ಕಳೆಯುವವರೆಗೆ, ಅಂದರೆ ಎಂಟರಿಂದ ಹನ್ನೆರಡು ವಾರ, ಫಲವನ್ನು ಅಳೆಯುವುದೇ ಸರಿಯಲ್ಲ. ನಿಧಾನವಾಗಿ ತಿಳಿಯಾಗುವುದು ಇವುಗಳ ದೋಷವೆಂದು ಅನೇಕರು ಭಾವಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಅವು ಪ್ರಾಮಾಣಿಕವಾಗಿ ಕೆಲಸ ಮಾಡುತ್ತಿವೆ ಎಂಬುದಕ್ಕೆ ಅದೇ ಗುರುತು.

ಪೌಡರಿನ ವಿಷಯಕ್ಕೆ ಬರೋಣ. ಮುಖಕ್ಕೆ ಹಚ್ಚುವ ಪೌಡರಿನ ಮೈ ಸಾಮಾನ್ಯವಾಗಿ ಟಾಲ್ಕ್. ಖನಿಜಗಳಲ್ಲಿ ಅತ್ಯಂತ ಮೃದುವಾದದ್ದು ಅದು, ಉಗುರಿನಿಂದಲೇ ಗೀರಬಹುದು. ಅದರ ಪದರಗಳು ಒಂದರ ಮೇಲೊಂದು ಜಾರುವುದರಿಂದಲೇ ಪೌಡರು ಬೆರಳಿಗೆ ಅಷ್ಟು ನುಣುಪು. ಅದಕ್ಕೆ ಜಿಡ್ಡು ಹೀರಲು ಕೇಯೊಲಿನ್ ಎಂಬ ಬಿಳಿ ಜೇಡಿ, ಚರ್ಮಕ್ಕೆ ಹಿಡಿದು ನಿಲ್ಲಲು ಸತು ಅಥವಾ ಮೆಗ್ನೀಸಿಯಂ ಸ್ಟಿಯರೇಟ್, ಕಲೆಯನ್ನು ಮರೆಮಾಡಲು ಟೈಟಾನಿಯಂ ಡೈಆಕ್ಸೈಡ್, ಬಣ್ಣಕ್ಕೆ ಕಬ್ಬಿಣದ ಆಕ್ಸೈಡುಗಳನ್ನು ಸೇರಿಸುತ್ತಾರೆ. ಪೌಡರು ಚರ್ಮದ ಒಳಗೆ ಹೋಗುವುದಿಲ್ಲ, ಬಣ್ಣವನ್ನು ಬದಲಿಸುವುದಿಲ್ಲ, ತೊಳೆದೊಡನೆ ಹೋಗುತ್ತದೆ. ಒಂದು ಸಂಜೆಯ ಮಟ್ಟಿಗೆ ಮುಖ ಬೆಳಗಲಿ ಎಂಬ ಆಸೆಯಿದ್ದರೆ ಚರ್ಮದ ಒಳಗಿನ ವ್ಯವಹಾರಕ್ಕೆ ಕೈಹಾಕುವ ಕ್ರೀಮಿಗಿಂತ ಈ ಪೌಡರು ಎಷ್ಟೋ ನಿರಪಾಯ. ಆ ಅರ್ಥದಲ್ಲಿ ನಾನು ಪೌಡರಿನ ಪಕ್ಷಪಾತಿ.

ಆದರೆ ನಮ್ಮವರು ಆರಿಸುವಾಗ ಎಡವುವುದು ಬಣ್ಣದಲ್ಲಿ. ಎಣ್ಣೆಗೆಂಪು ಮುಖದ ಮೇಲೆ ಅಚ್ಚ ಬಿಳಿಯ ಟಾಲ್ಕಂ ಪೌಡರು ಕೂತರೆ, ಬೆವರಿನ ಎರಡು ಹನಿ ಅದರ ಮೇಲೆ ಇಳಿಯುವಷ್ಟರಲ್ಲಿ ಬೂದಿ ಬಳಿದಂತೆ ಕಾಣುತ್ತದೆ, ಮೂಗಿನ ಪಕ್ಕದ ಗೆರೆಯಲ್ಲಿ ಗಂಟುಗಂಟಾಗಿ ಸೇರಿಕೊಳ್ಳುತ್ತದೆ. ಅಂಗಡಿಯಲ್ಲಿ ಮುಂಗೈಯ ಮೇಲೆ ಸವರಿ ನೋಡಿ ಕೊಳ್ಳಬೇಡಿ. ಕೈಯ ಬಣ್ಣವೇ ಬೇರೆ, ಅಂಗಡಿಯ ದೀಪದ ಬಣ್ಣವೇ ಬೇರೆ. ದವಡೆಯ ಅಂಚಿಗೆ ಒಂದಿಷ್ಟು ಸವರಿ, ಬಾಗಿಲ ಬಳಿ ಹಗಲು ಬೆಳಕಿಗೆ ಬಂದು ಕನ್ನಡಿಯಲ್ಲಿ ನೋಡಬೇಕು. ಹಚ್ಚಿದ ಜಾಗ ಎಲ್ಲಿ ಮುಗಿಯಿತೆಂದು ಕಣ್ಣಿಗೆ ತಿಳಿಯದಿದ್ದರೆ ಅದು ಅವಳ ಪೌಡರು. ತುಸು ಹಳದಿ ಅಥವಾ ಕಂದು ಛಾಯೆಯ ಕಾಂಪ್ಯಾಕ್ಟುಗಳು ನಮ್ಮ ಬಣ್ಣಗಳಿಗೆ ಚೆನ್ನಾಗಿ ಹೊಂದುತ್ತವೆ. ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಹಚ್ಚಿ ಹತ್ತು ನಿಮಿಷ ಬಿಟ್ಟು, ಪಫ್ಫಿನಲ್ಲಿ ಸ್ವಲ್ಪವೇ ತೆಗೆದುಕೊಂಡು, ಹಣೆ, ಮೂಗು, ಗಲ್ಲಗಳ ಮೇಲೆ ಉಜ್ಜದೆ ಒತ್ತಬೇಕು. ಬೆವರಿದ ಮುಖದ ಮೇಲೆ ಪೌಡರಿನ ಮೇಲೆ ಪೌಡರು ಹಾಕುವುದಕ್ಕಿಂತ, ತೆಳು ಕಾಗದದಿಂದ ಬೆವರನ್ನು ಒತ್ತಿ ತೆಗೆದು ಒಮ್ಮೆ ಮಾತ್ರ ಸವರುವುದು ಲೇಸು. ಪೌಡರಿನ ಡಬ್ಬಿಯ ಮೇಲೆ ಎಸ್‌ಪಿಎಫ್ ಎಂದು ಬರೆದಿದ್ದರೂ ಅದನ್ನೇ ನಂಬಿ ಬಿಸಿಲಿಗೆ ಹೋಗಬಾರದು, ಅಷ್ಟು ರಕ್ಷಣೆಗೆ ಬೇಕಾದಷ್ಟು ಪೌಡರನ್ನು ಯಾರೂ ಹಚ್ಚಿಕೊಳ್ಳಲಾರರು.

ಪಫ್ಫಿನ ಬಗ್ಗೆಯೂ ಒಂದು ಮಾತು. ಮೊಡವೆ ಏಕೆ ವಾಸಿಯಾಗುತ್ತಿಲ್ಲವೆಂದು ಕೇಳುವವರಿಗೆ ನಾನು ಕೆಲವೊಮ್ಮೆ ಪಫ್ಫನ್ನು ತರಲು ಹೇಳುತ್ತೇನೆ. ಅಂಚು ಕಂದಾಗಿ, ಮಧ್ಯದಲ್ಲಿ ಜಿಡ್ಡು, ಬೆವರು, ಹಳೆಯ ಪೌಡರು ಸೇರಿ ಹಪ್ಪಳದಂತೆ ಗಟ್ಟಿಯಾದ ಆ ಬಟ್ಟೆಯ ತುಂಡನ್ನು ನೋಡಿದ ಮೇಲೆ ಬೇರೆ ವಿವರಣೆ ಬೇಕಾಗುವುದಿಲ್ಲ. ವಾರಕ್ಕೊಮ್ಮೆ ಸಾಬೂನಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಿ. ಅಕ್ಕತಂಗಿಯರ ನಡುವೆಯೂ ಪಫ್ಫನ್ನು ಹಂಚಿಕೊಳ್ಳುವುದು ಬೇಡ.

ಟಾಲ್ಕಿನ ಸುರಕ್ಷತೆಯ ಬಗ್ಗೆ ನೀವು ಸುದ್ದಿಗಳನ್ನು ಕೇಳಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2024ರಲ್ಲಿ ಟಾಲ್ಕನ್ನು ಕ್ಯಾನ್ಸರಿಗೆ ಕಾರಣವಾಗುವ ಸಂಭವವಿರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಭೂಮಿಯಲ್ಲಿ ಟಾಲ್ಕ್ ಮತ್ತು ಆಸ್‌ಬೆಸ್ಟಾಸ್ ಅಕ್ಕಪಕ್ಕದಲ್ಲೇ ಸಿಗುವುದು ಹಳೆಯ ಆತಂಕವಾದರೆ, ಗುಪ್ತಾಂಗಗಳ ಬಳಿ ವರ್ಷಗಟ್ಟಲೆ ಪೌಡರ್ ಹಾಕುವ ಅಭ್ಯಾಸ ಇನ್ನೊಂದು. ಮುಖಕ್ಕೆ ಪಫ್ಫಿನಿಂದ ಒತ್ತುವ ಒಂದಿಷ್ಟು ಪೌಡರಿಗೆ ಹೆದರಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಗುಪ್ತಾಂಗಗಳಿಗೆ ಹಾಕಬೇಡಿ, ಮೂಗಿನ ಮುಂದೆ ಮೋಡವೇಳುವಂತೆ ಕೊಡವಬೇಡಿ, ಹಸುಗೂಸಿನ ಮುಖದ ಹತ್ತಿರವಂತೂ ಪೌಡರಿನ ಡಬ್ಬಿಯನ್ನು ತರಲೇಬೇಡಿ. ಆ ಧೂಳು ಮಗುವಿನ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.

ಕಡಲೆ ಹಿಟ್ಟು, ಹೆಸರು ಹಿಟ್ಟುಗಳನ್ನು ಉಜ್ಜದೆ ಸವರಿ ತೊಳೆದರೆ ತೊಂದರೆಯಿಲ್ಲ, ಆದರೆ ಈಗಿನ ಸ್ಥಿತಿಯಲ್ಲಿ ಮಗಳಿಗೆ ಅವೂ ಬೇಡ. ನಿಂಬೆಹಣ್ಣಿನ ರಸವನ್ನು ಯಾರೂ ಹಚ್ಚಬಾರದು. ಆ ರಸ ತಾಗಿದ ಚರ್ಮ ಬಿಸಿಲಿಗೆ ಬಿದ್ದರೆ ಸುಟ್ಟಂತಾಗಿ, ತಿಂಗಳುಗಟ್ಟಲೆ ಕಪ್ಪು ಕಲೆ ನಿಲ್ಲುತ್ತದೆ. ಸ್ಟಿಕ್ಕರ್ ಬಿಂದಿಯ ಅಂಟಿನಿಂದ ಹಣೆಯ ನಡುವೆ ನವೆಯೋ ಬಿಳಿ ಕಲೆಯೋ ಕಂಡರೆ ಅದನ್ನು ಅಂದೇ ನಿಲ್ಲಿಸಬೇಕು.

ನಿಮ್ಮ ಬಂಗಿನ ವಿಷಯ. ಕೆನ್ನೆಯ ಎರಡೂ ಬದಿಗೆ, ಮೂಗಿನ ಮೇಲೆ, ಮೇಲ್ತುಟಿಯ ಮೇಲೆ ಕಂದು ನಕ್ಷೆಯಂತೆ ಹರಡುವ ಇದಕ್ಕೆ ವಂಶ, ಬಸಿರು, ಹಾರ್ಮೋನಿನ ಮಾತ್ರೆಗಳು, ಎಲ್ಲಕ್ಕಿಂತ ಹೆಚ್ಚಾಗಿ ಬೆಳಕು ಕಾರಣ. ಕಣ್ಣಿಗೆ ಕಾಣುವ ಬೆಳಕೂ ನಮ್ಮಂಥ ಬಣ್ಣದ ಚರ್ಮದಲ್ಲಿ ಬಂಗನ್ನು ಕೆರಳಿಸುತ್ತದೆ. ಬಿಳಿಯ ಸನ್‌ಸ್ಕ್ರೀನ್ ಇದನ್ನು ಅಷ್ಟಾಗಿ ತಡೆಯದು. ಕಬ್ಬಿಣದ ಆಕ್ಸೈಡ್ ಇರುವ, ಮೈಬಣ್ಣದ ಛಾಯೆಯ ಸನ್‌ಸ್ಕ್ರೀನ್ ನಿಮಗೆ ಬೇಕು, ಅದು ಕಲೆಯನ್ನು ತುಸು ಮರೆಯೂ ಮಾಡುತ್ತದೆ. ಹೊಲಕ್ಕೆ, ಸಂತೆಗೆ ಹೋಗುವಾಗ ಸೆರಗನ್ನು ಮುಂದಕ್ಕೆಳೆದುಕೊಳ್ಳುವುದೂ, ಕೊಡೆ ಹಿಡಿಯುವುದೂ ಔಷಧದಷ್ಟೇ ಮುಖ್ಯ. ಹೈಡ್ರೊಕ್ವಿನೋನನ್ನು ವೈದ್ಯರು ಬರೆದುಕೊಟ್ಟರೆ ಅವರು ಹೇಳಿದಷ್ಟು ತಿಂಗಳು ಮಾತ್ರ ಹಚ್ಚಿ. ಲೆಕ್ಕವಿಲ್ಲದೆ ವರ್ಷಗಟ್ಟಲೆ ಹಚ್ಚಿದವರ ಕೆನ್ನೆಯಲ್ಲಿ ಬೂದುನೀಲಿ ಕಲೆ ಹುಟ್ಟಿ, ಅದನ್ನು ತೆಗೆಯುವುದು ಮೂಲ ಬಂಗಿಗಿಂತ ಕಷ್ಟವಾಗುತ್ತದೆ. ಬಂಗು ತಿಳಿಯಾಗುತ್ತದೆ, ಎಚ್ಚರ ತಪ್ಪಿದರೆ ಮರಳುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ನಿರಾಸೆಯಾಗುವುದಿಲ್ಲ.

ಮದುವೆಯ ದಿನಕ್ಕೆ ಮಗಳು ಮೇಕಪ್ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ಬಳಸಲಿರುವ ಎಲ್ಲವನ್ನೂ ಒಂದು ತಿಂಗಳು ಮುಂಚಿತವಾಗಿ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಮಡಿಕೆಯಲ್ಲಿ ಮೂರು ನಾಲ್ಕು ದಿನ ಹಚ್ಚಿ ನೋಡಲಿ. ಕೊನೆಯ ಎರಡು ವಾರ ಫೇಶಿಯಲ್, ಬ್ಲೀಚ್, ಹೊಸ ಕ್ರೀಮು ಯಾವುದೂ ಬೇಡ. ಈ ವಾರ ವೈದ್ಯರಲ್ಲಿಗೆ ಹೊರಡುವಾಗ ಆ ಡಬ್ಬಿಯನ್ನು ಕೋಪದಿಂದ ಎಸೆಯದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ. ಎಷ್ಟು ತಿಂಗಳು, ದಿನಕ್ಕೆ ಎಷ್ಟು ಸಲ ಹಚ್ಚಿದಳೆಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಕಾಲು ಊದಿಕೊಳ್ಳುವುದು, ಮೂತ್ರದಲ್ಲಿ ನೊರೆ ಕಾಣುವುದು ಇವುಗಳಲ್ಲಿ ಒಂದಾದರೂ ಅವಳಿಗೆ ಇದ್ದರೆ ವೈದ್ಯರು ಕೇಳುವ ಮುನ್ನವೇ ಹೇಳಿ, ಮೂತ್ರಪರೀಕ್ಷೆಯನ್ನು ಅಂದೇ ಮಾಡಿಸಿ.